ಮೂರನೇ ನಂಬರಿನ ಸಿತಾರಿನ ಇಲಿ

ಸದಾಶಿವ ಪೇಠ, ಪುಣೆ
ಆಶ್ವಿನ ವದ್ಯ ಪಂಚಮಿ, ೧೯೩೮

ಶಾರದಾ ವಾದ್ಯ ಸಂರಕ್ಷಕ ಮಂಡಳಿಯ ಗೌರವ ಕಾರ್ಯದರ್ಶಿಗಳೂ, ವಾದ್ಯ ತಪಾಸಣೆಯ ಏಕಮೇವ ಅಧಿಕಾರಿಗಳೂ ಆದ ಶ್ರೀಮಾನ್ ಮಾರ್ತಾಂಡರಾವ್ ಹುದ್ದಾರ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಸಹಕುಟುಂಬ ಕ್ಷೇಮವಾಗಿದ್ದೀರೆಂದೂ, ದಸರೆಯ ಬನ್ನಿ ಕೊಡಲು ಹತ್ತಾರು ಮನೆಗಳ ಮೆಟ್ಟಿಲು ಹತ್ತಿಳಿದ ತಮ್ಮ ಮೊಣಕಾಲು ಈಗ ತಕ್ಕಮಟ್ಟಿಗೆ ಮಾತು ಕೇಳುತ್ತಿದೆಯೆಂದೂ ನಂಬಿ, ಸದರಿ ಮಂಡಳಿಯ ಒಬ್ಬ ಕನಿಷ್ಠ ಸದಸ್ಯೆಯೂ, ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುವವಳೂ ಆದ ಗೌರಾಬಾಯಿ ತೊರವಿ ಎಂಬ ನಾನು ಸಾಷ್ಟಾಂಗ ನಮಸ್ಕಾರ ಮಾಡಿ ಬರೆಯುವ ಬಿನ್ನಹ. ಇದನ್ನು ಲಕ್ಕೋಟೆಯಲ್ಲಿಟ್ಟು ಕಳಿಸಬಹುದಿತ್ತು. ಆದರೆ ತಾವು ನನ್ನ ಮೇಲಿನ ನೋಟೀಸನ್ನು ಮಂಡಳಿಯ ಹಲಗೆಗೆ ನಾಲ್ಕು ಮೊಳೆ ಹೊಡೆದು ಹೋಗಿಬರುವವರಿಗೆಲ್ಲ ಓದಲು ಕೊಟ್ಟಿರುವುದರಿಂದ, ಉತ್ತರವೂ ಅದರ ಮಗ್ಗುಲಲ್ಲೇ ಇರಲಿ ಎಂದು ಅಲ್ಲಿಯೇ ಅಂಟಿಸುತ್ತಿದ್ದೇನೆ.

ಹಲಗೆಯ ಮುಂದೆ ನಿಂತು ಇದನ್ನು ಓದುತ್ತಿರುವ ಹೊಸಬರಿಗೆ ಒಂದು ಮಾತು ಹೇಳಬೇಕು. ಧಾರವಾಡ, ಬೆಳಗಾವಿಯ ಕಡೆಯಿಂದ ಬಂದು ಪುಣೆಯ ಕಚೇರಿಗಳಲ್ಲಿ ಟಾಕು ಹಿಡಿದು ಬರೆಯುತ್ತ ಕೂತವರ ಮನೆಗಳಲ್ಲಿ ಸಂಗೀತ ಉಳಿಯಲಿ ಎಂಬ ಆಸೆಯಿಂದ ವ್ಯಾಪಾರಿ ಸಿದ್ದಲಿಂಗಪ್ಪನವರು ಮಿರಜಿನಿಂದ ನಾಲ್ಕು ಸಿತಾರು ತರಿಸಿ ಮಂಡಳಿಗೆ ದಾನವಾಗಿ ಕೊಟ್ಟರು. ಕಲಿಯುವವರು ಅವನ್ನು ಮನೆಗೆ ಒಯ್ಯಬಹುದು. ಮೂರನೇ ನಂಬರಿನದು ಆರು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂತು. ಸಿದ್ದಲಿಂಗಪ್ಪನವರು ತೀರಿಕೊಂಡ ಮೇಲೆ ಕಾರ್ಯದರ್ಶಿಯಾದ ತಾವು ನಿಯಮಾವಳಿಗೆ ಏಳನೆಯ ಕಲಮು ಸೇರಿಸಿದಿರಿ. ವಾದ್ಯವು ಕೊಟ್ಟಾಗ ಯಾವ ಸ್ಥಿತಿಯಲ್ಲಿತ್ತೋ ಸದಾಕಾಲ ಅದೇ ಸ್ಥಿತಿಯಲ್ಲಿರತಕ್ಕದ್ದು ಎಂಬುದು ಆ ಕಲಮು.

ತಮ್ಮ ನೋಟೀಸಿನ ಪ್ರಕಾರ, ನನ್ನ ವಶದಲ್ಲಿರುವ ಸಿತಾರಿನ ಎಂಟು, ಒಂಬತ್ತು ಮತ್ತು ಹತ್ತನೆಯ ಹಿತ್ತಾಳೆಯ ಪಡದೆಗಳ ಮೇಲೆ, ಅಂದರೆ ಸ್ವರದ ಮೆಟ್ಟಿಲುಗಳ ಮೇಲೆ, ಇಲಿಯ ಹಲ್ಲಿನ ಗುರುತುಗಳಿವೆ. ಕುಂಬಳದ ಬುರುಡೆಯ ಮೇಲೆ ಅಂಗೈಯಗಲ ಅರಗಿನ ಹೊಳಪು ಹಾರಿರುವುದು ಬಿಸಿಲಿಗೆ ಇಟ್ಟದ್ದರ ಫಲ. ಪಡದೆ ಕಟ್ಟಿದ ಉದ್ದ ದಂಡಿಯ ಬೆನ್ನಿನ ಬಣ್ಣ ಉದ್ದಕ್ಕೂ ಮಾಸಿರುವುದು ಬಹುಶಃ ಸೀಗೆಪುಡಿ ಹಾಕಿ ತಿಕ್ಕಿ ತೊಳೆದದ್ದರಿಂದ. ಆದಕಾರಣ ನಾನು ದೀಪಾವಳಿಯೊಳಗೆ ಸಿತಾರನ್ನು ಒಪ್ಪಿಸತಕ್ಕದ್ದು. ಮಂಡಳಿಯವರು ಹಳೆಯ ಪಡದೆಗಳನ್ನು ಕಿತ್ತು ಹೊಸವನ್ನು ಕಟ್ಟಿಸಿ, ಮೈಗೆಲ್ಲ ಹೊಸ ಅರಗು ಹೊಡೆಸಿ, ಒಂದನೇ ನಂಬರಿನ ಸಿತಾರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಶ್ರೀಮತಿ ರಂಗೂಬಾಯಿಯವರ ಮನೆಯಲ್ಲಿ ಇದನ್ನೂ ಇಡುವರು. ಒಳ್ಳೆಯವರ ಸಹವಾಸದಲ್ಲಿ ಸಿತಾರು ಸುಧಾರಿಸಲಿ ಎಂಬುದು ಉದ್ದೇಶವಿರಬೇಕು. ಈ ನೋಟೀಸಿನ ಪ್ರತಿಯ ಜೊತೆಗೇ ಜವಾನ ಕಾಡಪ್ಪನ ಕೈಯಲ್ಲಿ ತಾವು ದಯಮಾಡಿ ಒಂದು ಇಲಿಬೋನನ್ನೂ ಕಳಿಸಿದಿರಿ. ಐವತ್ತು ದಾಟಿದ ಆ ಮನುಷ್ಯ ಅದನ್ನು ನಮ್ಮ ಜಗಲಿಯ ಮೇಲಿಟ್ಟು, ನನ್ನ ಮುಖ ನೋಡಲಾರದೆ, "ಬಾಯಾರ, ಸಾಹೇಬರು ಕಳಿಸ್ಯಾರ್ರಿ. ಒಳಗ ಭಜಿ ಇಡಬೇಕಂತ್ರಿ, ರೊಟ್ಟಿಗೆ ಬರೂದಿಲ್ಲಂತ" ಎಂದು ಹೇಳಿ ಹೋದ. ತಮ್ಮ ತಪಾಸಣೆ ಇಲಿಯ ರುಚಿಯ ತನಕ ಹೋದದ್ದನ್ನು ಕಂಡು ನಾನು ಬೋನಿಗೇ ಕೈ ಮುಗಿದೆ.

ತಪಾಸಣೆಗೆ ತಾವು ಆರಿಸಿದ ದಿನವನ್ನಂತೂ ಎಷ್ಟು ಹೊಗಳಿದರೂ ಸಾಲದು. ನವರಾತ್ರಿಯ ಸರಸ್ವತಿ ಪೂಜೆಗೆ ನಾವೆಲ್ಲ ವಾದ್ಯಗಳನ್ನು ಮಂಡಳಿಯ ಹಾಲಿಗೆ ತಂದು ದೇವಿಯ ಮುಂದೆ ಇಡುತ್ತೇವೆ. ಒಮ್ಮೆ ಪೂಜೆಗಿಟ್ಟ ಮೇಲೆ ವಿಜಯದಶಮಿಯ ತನಕ ಪುಸ್ತಕ ಓದುವಂತಿಲ್ಲ, ವಾದ್ಯ ನುಡಿಸುವಂತಿಲ್ಲ. ವರುಷದ ಮುನ್ನೂರ ಅರವತ್ತು ದಿನಗಳಲ್ಲಿ ಸಿತಾರು ಬಾಯಿ ಬಿಟ್ಟು ತನ್ನ ಪರವಾಗಿ ಒಂದು ಸ್ವರ ಹೇಳಿಕೊಳ್ಳಲಾಗದ ದಿನವನ್ನೇ ಹುಡುಕಿ, ತಾವು ಕೈಯಲ್ಲಿ ಭೂತಗನ್ನಡಿ ಹಿಡಿದು, ಸಾಲಾಗಿಟ್ಟ ವಾದ್ಯಗಳ ಮುಂದೆ ಬಗ್ಗಿ ಬಗ್ಗಿ ನೋಡುತ್ತ ನಡೆದಿರಿ. ಸರಕಾರಿ ಉಗ್ರಾಣವೊಂದರಲ್ಲಿ ಮೂವತ್ತು ವರುಷ ತಂಬು, ಬಕೀಟು, ಕುದುರೆಯ ಜೀನು ಎಣಿಸಿ ನಿವೃತ್ತರಾದ ತಮಗೆ ಕಿವಿಯ ಸಹಾಯ ಎಂದೂ ಬೇಕಾಗಿರಲಿಲ್ಲ. ಬಕೀಟು ಶ್ರುತಿಯಲ್ಲಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಅಂದು ನಾನೂ ಹಾಲಿನಲ್ಲಿಯೇ ಇದ್ದೆ. ಅರಿಶಿನ ಕುಂಕುಮದ ತಟ್ಟೆ ಮುತ್ತೈದೆಯರ ಕೈಯಲ್ಲಿ ಓಡಾಡಬೇಕು, ಆದರೆ ಭಾರದ ವಾದ್ಯಗಳನ್ನು ಎತ್ತಿ, ಒರೆಸಿ, ಗೋಡೆಗೆ ಆನಿಸಿ ಸಾಲಾಗಿ ಇಡುವ ಕೆಲಸಕ್ಕೆ ನನ್ನಂಥ ವಿಧವೆಯ ಕೈಯೂ ನಡೆಯುತ್ತದೆ ಎಂಬಷ್ಟು ಸುಧಾರಣೆ ನಮ್ಮ ಮಂಡಳಿಯಲ್ಲಿ ಆಗಿದೆ. ಹಾಗಾಗಿ ನಾಲ್ಕೂ ಸಿತಾರುಗಳನ್ನು ಹಿಂದೆ ಮುಂದೆ ನೋಡಿ ಇಟ್ಟವಳು ನಾನು. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ತಾವು ಹುಡುಕುತ್ತಿರುವ ಇಲಿ ನಾನೇ.

ಆರು ವರ್ಷಗಳಿಂದ ಆ ಇಲಿ ಬೆಳಗಿನ ಐದಕ್ಕೆ ಏಳುತ್ತದೆ. ನಳದ ನೀರು ಬರುವ ಮೊದಲು ಒಂದೂವರೆ ತಾಸು ಸಿಗುತ್ತದೆ. ಅಡುಗೆಮನೆಯ ಪಕ್ಕದ ಓಣಿಯಂಥ ಜಾಗದಲ್ಲಿ ಚಾಪೆ ಹಾಸಿ, ಬಲಗೈಯ ತೋರುಬೆರಳಿಗೆ ಮೀಟಲು ತಂತಿಯ ನಖಿ ಸಿಕ್ಕಿಸಿಕೊಂಡು, ಎಡಗೈಯಿಂದ ಉಕ್ಕಿನ ತಂತಿಯನ್ನು ಹಿತ್ತಾಳೆಯ ಪಡದೆಗೆ ಒತ್ತುತ್ತದೆ. ಬರೀ ಒತ್ತಿದರೆ ಪಡದೆ ಒಂದಿಷ್ಟು ವರ್ಷ ತಾಳಿಕೊಳ್ಳುತ್ತಿತ್ತೋ ಏನೋ. ಆದರೆ ಗಾಂಧಾರದಿಂದ ಪಂಚಮಕ್ಕೆ ಜಾರಬೇಕಾದರೆ ತಂತಿಯನ್ನು ಅದೇ ಹತ್ತನೆಯ ಪಡದೆಯ ಮೇಲೆ ಅಡ್ಡಕ್ಕೆ ಎಳೆಯಬೇಕು, ಮತ್ತೆ ಬಿಡಬೇಕು, ಅದು ಸರಿ ಬರಲಿಲ್ಲವೆಂದು ಇನ್ನೊಮ್ಮೆ ಎಳೆಯಬೇಕು. ಹೀಗೆ ಉಕ್ಕು ಹಿತ್ತಾಳೆಯನ್ನು ದಿನವೂ ಒಂದು ಕೂದಲೆಳೆಯಷ್ಟು ತಿನ್ನುತ್ತದೆ. ತಾವು ಭೂತಗನ್ನಡಿಯಲ್ಲಿ ಕಂಡ ಹಲ್ಲಿನ ಗುರುತು ಯಮನ್ ರಾಗದ್ದು ಮಾರ್ತಾಂಡರಾಯರೇ, ಮತ್ತು ಆ ರಾಗ ಇನ್ನೂ ನನಗೆ ಪೂರ್ತಿ ಬಂದಿಲ್ಲ. ಬಂದಿದ್ದರೆ ಗುರುತು ಇಷ್ಟು ಆಳವಾಗುತ್ತಿರಲಿಲ್ಲ. ಅದು ಸಂಜೆಯ ರಾಗವೆಂದು ಬಲ್ಲೆ, ಆದರೆ ನನಗೆ ಸಿಗುವ ಹೊತ್ತು ಬೆಳಗಿನದೊಂದೇ.

ಬುರುಡೆಯ ಮೇಲೆ ಅರಗು ಹಾರಿದ ಜಾಗವನ್ನು ಬಿಸಿಲು ಮುಟ್ಟಿಲ್ಲ. ನಮ್ಮ ವಾಡೆಯ ಆ ಮೂಲೆಗೆ ಬಿಸಿಲು ಬೀಳುವಂತೆ ಮಾಡುವ ಶಕ್ತಿ ತಮಗಿದ್ದರೆ ದಯವಿಟ್ಟು ಮಾಡಿಸಿಕೊಡಿ, ಹಪ್ಪಳ ಒಣಗಿಸಲು ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಭಾರಿ ಅನುಕೂಲವಾಗುತ್ತದೆ. ಅದು ನನ್ನ ಬಲ ಮೊಣಕೈ ಆನುವ ಜಾಗ. ಬೇಸಿಗೆಯಲ್ಲಿ ಕೈ ಬೆವರುತ್ತದೆ, ಬೆವರಿನ ಉಪ್ಪು ಅರಗನ್ನು ಮೊದಲು ಮಬ್ಬು ಮಾಡಿ, ಆಮೇಲೆ ಚೂರು ಚೂರಾಗಿ ಎಬ್ಬಿಸಿ, ಕೊನೆಗೆ ಒಳಗಿನ ಕುಂಬಳದ ಬಣ್ಣವನ್ನು ತೋರಿಸುತ್ತದೆ. ದಂಡಿಯ ಬೆನ್ನು ಮಾಸಿದ್ದು ಎಡಗೈಯ ಹೆಬ್ಬೆರಳು ಮೇಲೆ ಕೆಳಗೆ ಓಡಾಡಿದ್ದರಿಂದ. ಸೀಗೆಪುಡಿ ಎಂಬ ತಮ್ಮ ಊಹೆಯನ್ನು ವೈನಿಗೆ ಓದಿ ಹೇಳಿದೆ. ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟು ನಕ್ಕರು. ಆರು ವರ್ಷದಲ್ಲಿ ನನ್ನ ಸಿತಾರಿನ ವಿಷಯಕ್ಕೆ ಅವರು ನಕ್ಕದ್ದು ಇದೇ ಮೊದಲು, ಅದಕ್ಕಾಗಿ ತಮಗೆ ಕೃತಜ್ಞಳು.

ತಪಾಸಣೆ ಅಪೂರ್ಣವಾಗಿರುವುದನ್ನೂ ಗಮನಕ್ಕೆ ತರಬೇಕು. ಪಡದೆಯ ಮೇಲಿನ ಗೆರೆಗೆ ಜೋಡಿಯಾಗಿ ನನ್ನ ಎಡಗೈಯ ಎರಡು ಬೆರಳ ತುದಿಗಳ ಮೇಲೂ ಅಷ್ಟೇ ಆಳದ ಗೆರೆಗಳಿವೆ. ಮೊದಲ ವರ್ಷ ಅಲ್ಲಿ ರಕ್ತ ಬರುತ್ತಿತ್ತು, ಈಗ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ, ಹೊಲಿಗೆಯ ಟೀಚರಿಗೆ ಅದೊಂದು ಲಾಭವೇ ಸರಿ. ಈ ಬೆರಳುಗಳು ಹುಟ್ಟಿದಾಗ ಇದ್ದ ಸ್ಥಿತಿಯಲ್ಲಿ ಇಲ್ಲ. ಏಳನೆಯ ಕಲಮಿನ ಪ್ರಕಾರ ಇವನ್ನೂ ಒಪ್ಪಿಸಬೇಕಿದ್ದರೆ ತಿಳಿಸಿ.

ತಮ್ಮ ಕಲಮಿನ ಮೇಲೆ ನನಗೆ ಗೌರವ ಎಷ್ಟು ಬೆಳೆದಿದೆಯೆಂದರೆ ಅದನ್ನು ಮಂಡಳಿಯ ನಾಲ್ಕು ಗೋಡೆಗಳೊಳಗೆ ಕೂಡಿಹಾಕಿದ್ದೀರಲ್ಲ ಎಂದು ಮರುಕವಾಗುತ್ತದೆ. ಪರ್ವತಿ ಗುಡ್ಡದ ಕಲ್ಲಿನ ಮೆಟ್ಟಿಲುಗಳು ನಡುವೆ ಸವೆದು ತಗ್ಗಾಗಿವೆ. ಅಲ್ಲಿ ದರ್ಶನಕ್ಕೆ ಹತ್ತುವವರಿಗೆಲ್ಲ ಒಂದೊಂದು ನೋಟೀಸು ಹೋಗಬೇಡವೇ? ತಮ್ಮ ಮನೆಯ ಬೀಸುವ ಕಲ್ಲು ಸವೆದು ನುಣ್ಣಗಾಯಿತೆಂದು ವರ್ಷಕ್ಕೆ ಎರಡು ಸಲ ಉಳಿಯಿಂದ ಟಾಕಿ ಹೊಡೆಸುವುದನ್ನು ನಾನೇ ಕಂಡಿದ್ದೇನೆ. ಕಲ್ಲು ಸವೆಸಿದ ಅಪರಾಧಕ್ಕಾಗಿ ತಮ್ಮ ಮನೆಯವರಾದ ಕೃಷ್ಣಾಬಾಯಿಯವರನ್ನು ತವರಿಗೆ ಒಪ್ಪಿಸಿ, ಆ ಕಲ್ಲನ್ನು ರೊಟ್ಟಿ ತಿನ್ನದ ಯಾರಾದರೂ ಸಜ್ಜನರ ವಶಕ್ಕೆ ಕೊಡುವ ವಿಚಾರ ಇನ್ನೂ ಯಾಕೆ ಹೊಳೆದಿಲ್ಲ? ಅದಾಗದಿದ್ದರೆ ಮಂಡಳಿಯು ವಜ್ರದ ಪಡದೆ, ರೇಶಿಮೆಯ ತಂತಿ, ಬೆವರದ ಮೊಣಕೈ ಇವುಗಳನ್ನು ಮಿರಜಿನಿಂದ ತರಿಸಿಕೊಡಲಿ. ಅಥವಾ ಮುಂದಿನ ಕೋಣೆಯಲ್ಲಿ ಸಿತಾರನ್ನಿಟ್ಟು ಹಿಂದಿನ ಕೋಣೆಯಲ್ಲಿ ಕೂತು ನುಡಿಸುವ ವಿದ್ಯೆಯನ್ನು ತಾವೇ ಒಂದು ಆದಿತ್ಯವಾರ ಬಂದು ಕಲಿಸಿಕೊಡಿ, ಚಹದ ವ್ಯವಸ್ಥೆ ನನ್ನದು.

ಒಂದನೇ ನಂಬರಿನ ಸಿತಾರಿನ ಭಾಗ್ಯವನ್ನೂ ಹೊಗಳದೆ ಇರಲಾರೆ. ರಂಗೂಬಾಯಿಯವರ ದಿವಾಣಖಾನೆಯಲ್ಲಿ ಅದು ಕೆಂಪು ಮಖಮಲ್ಲಿನ ಗವಸಣಿಗೆ ತೊಟ್ಟು, ಕೊರಳಿಗೆ ಜರಿಯ ಗೊಂಡೆ ಕಟ್ಟಿಕೊಂಡು, ಬೆನ್ನನ್ನು ಗೋಡೆಗೆ ಕೊಟ್ಟು ನಿಂತಿದೆ. ಅರಿಶಿನ ಕುಂಕುಮಕ್ಕೆ ಬಂದವರು ಕೇಳಿದರೆ ಅವರು ಮುಂಭಾಗದ ಗುಂಡಿ ಎರಡು ಬಿಚ್ಚಿ ಹೊಳಪು ತೋರಿಸಿ, "ನಾವು ಕೈ ಮುಟ್ಟಿಸೂದs ಇಲ್ರಿ. ದಿನಾ ಎರಡು ಊದಿನಕಡ್ಡಿ ಬೆಳಗಿ, ದೂರದಿಂದ ಕೈ ಮುಗೀತೀವಿ" ಎನ್ನುತ್ತಾರೆ. ಐದು ವರ್ಷದಿಂದ ಹೀಗೆಯೇ ಇದೆ. ಪೂಜೆಯ ದಿನ ತಾವು ಅದರ ಮುಂದೆ ನಿಂತು, ಭೂತಗನ್ನಡಿ ಕಿಸೆಗೆ ಹಾಕಿ, "ಸಿತಾರು ಅಂದರ ಹಿಂಗಿರಬೇಕು ನೋಡ್ರಿ" ಎಂದಾಗ ರಂಗೂಬಾಯಿಯವರ ಮುಖ ಅರಳಿದ್ದನ್ನು ಕಂಡು ನನಗೂ ಸಂತೋಷವಾಯಿತು. ಅವರು ಕೆಟ್ಟವರಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿದರೆ ನನಗೆಂದು ಎರಡು ತೆಗೆದಿಡುವವರು.

ಇಷ್ಟು ಹೊತ್ತು ನಗಾಡಿದೆ, ಇನ್ನು ಒಂದು ಮಾತನ್ನು ನೆಟ್ಟಗೆ ಹೇಳುತ್ತೇನೆ. ನನ್ನ ಸಿತಾರಿನ ಪಡದೆಗಳನ್ನು ಕೀಳಬೇಡಿ. ಅವನ್ನು ಕಟ್ಟಿದವರು ನನಗೆ ಕಲಿಸಿದ ಮುರುಗೆಪ್ಪ ಮಾಸ್ತರರು. ಶಿವಾಜಿನಗರದಿಂದ ನಡೆದು ಬಂದು, ಚಾಪೆಯ ಮೇಲೆ ಕೂತು, ಒಂದೊಂದು ಪಡದೆಯನ್ನೂ ದಾರದಲ್ಲಿ ಬಿಗಿದು, ಕಿವಿಗೆ ಸರಿ ಎನ್ನಿಸುವ ತನಕ ಬೆರಳಿನಿಂದ ಸರಿಸಿ ಸರಿಸಿ ನಿಲ್ಲಿಸಿದರು. ಪಡದೆಯ ಮೇಲೆ ಮೊದಲ ಗೆರೆ ಮೂಡಿದಾಗ ಹೆದರಿ ಅವರಿಗೆ ತೋರಿಸಿದೆ. ಅವರು ಉಗುರಿನಿಂದ ಸವರಿ ನೋಡಿ, "ಇದು ಕೆಟ್ಟದ್ದಲ್ರಿ ಬಾಯಾರ, ಕಲ್ತದ್ದು" ಎಂದರು. ಹೋದ ಮಾಘದಲ್ಲಿ ಅವರು ತೀರಿಕೊಂಡರು. ಇನ್ನು ಆ ಜಾಗಗಳನ್ನು ಅವರ ಕಿವಿಯಿಂದ ಅಳೆದು ಕೊಡುವವರು ಯಾರೂ ಇಲ್ಲ.

ನಾನಿರುವುದು ನನ್ನ ಅಣ್ಣ ಶ್ಯಾಮನ ಮನೆಯಲ್ಲಿ. ಅವನೂ ವೈನಿಯೂ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ಆದರೂ ಅಲ್ಲಿ ಹಾಸುವ ಚಾಪೆ ಅವನದು, ಉಣ್ಣುವ ತಟ್ಟೆ ಅವರದು, ಸಿತಾರು ಮಂಡಳಿಯದು. ನನ್ನದು ಎಂದು ಇರುವುದು ಆ ಹತ್ತನೆಯ ಪಡದೆಯ ಮೇಲಿನ ಗೆರೆ ಒಂದೇ. ಗಂಡ ಹೋದ ಮೇಲೆ ನಾನು ಬದುಕಿ ಮಾಡಿದ್ದೇನು ಎಂದು ಯಾರಾದರೂ ಕೇಳಿದರೆ ತೋರಿಸಲು ನನ್ನ ಹತ್ತಿರ ಇರುವುದು ಅಷ್ಟೇ. ಅದನ್ನು ಕಿತ್ತು, ಮೇಲೆ ಅರಗು ಬಳಿದು, ಹೊಸದರ ಹಾಗೆ ಮಾಡಿದರೆ ನನಗೆ ತಾಳಲಾಗುವುದಿಲ್ಲ.

ಆದ್ದರಿಂದ ನನ್ನ ಕೊನೆಯ ಪ್ರಾರ್ಥನೆ. ಬರುವ ಆದಿತ್ಯವಾರ ಸಂಜೆ ನಾಲ್ಕೂ ಸಿತಾರುಗಳು ಹಾಲಿಗೆ ಬರಲಿ. ತಾವು ಭೂತಗನ್ನಡಿಯನ್ನು ಮನೆಯಲ್ಲಿಟ್ಟು, ಕಿವಿ ಎರಡನ್ನು ಮಾತ್ರ ತೆಗೆದುಕೊಂಡು ಬನ್ನಿ. ಯಾರ ವಶದಲ್ಲಿ ಯಾವುದಿದೆಯೋ ಅವರು ಅದನ್ನು ಗವಸಣಿಗೆಯಿಂದ ಪೂರ್ತಿ ಹೊರಗೆ ತೆಗೆದು, ಕಾಲು ತಾಸು ನುಡಿಸಲಿ. ಅದಾದ ಮೇಲೂ ಮೂರನೆಯದನ್ನೇ ಕಿತ್ತುಕೊಳ್ಳಬೇಕೆಂದು ಸಭೆಗೆ ಅನ್ನಿಸಿದರೆ, ನಾನೇ ಅದನ್ನು ಒರೆಸಿ, ಎತ್ತಿಕೊಂಡು ಹೋಗಿ ರಂಗೂಬಾಯಿಯವರ ದಿವಾಣಖಾನೆಯಲ್ಲಿ ನಿಲ್ಲಿಸಿ, ಊದಿನಕಡ್ಡಿಯನ್ನೂ ಬೆಳಗಿ ಬರುತ್ತೇನೆ.

ಇಂತು, ಹಲ್ಲು ಇನ್ನೂ ಗಟ್ಟಿಯಾಗಿರುವ ತಮ್ಮ ವಿಶ್ವಾಸಿ,
ಗೌರಾಬಾಯಿ ತೊರವಿ

ತಾ.ಕ.: ತಾವು ಕಳಿಸಿದ ಇಲಿಬೋನನ್ನು ಕಾಡಪ್ಪನ ಕೈಯಲ್ಲಿಯೇ ಮರಳಿ ಕಳಿಸಿದ್ದೇನೆ, ಆದರೆ ತಮ್ಮ ಮನೆಗಲ್ಲ, ರಂಗೂಬಾಯಿಯವರ ಮನೆಗೆ. ಪೂಜೆಯ ದಿನ ಸಿತಾರುಗಳನ್ನು ಎತ್ತಿಡುವಾಗ ಒಂದನೇ ನಂಬರಿನದು ಒಳಗೊಳಗೇ ಚಿಂವ್ ಎಂದಿತು. ತಿರುಗಿಸಿ ನೋಡಿದರೆ ಮಖಮಲ್ಲಿಗೂ ಬುರುಡೆಯ ಬೆನ್ನಿಗೂ ಸೇರಿ ಲಿಂಬೆಹಣ್ಣು ತೂರುವಷ್ಟು ತೂತು, ಒಳಗೆ ಹರಿದ ಕೆಂಪು ಮಖಮಲ್ಲಿನ ಹಾಸಿಗೆ, ಅದರ ಮೇಲೆ ಇನ್ನೂ ಕಣ್ಣು ಬಿಡದ ನಾಲ್ಕು ಇಲಿಮರಿ. ಹಬ್ಬದ ದಿನ ರಂಗೂಬಾಯಿಯವರ ಮುಖ ಬಾಡುವುದು ಬೇಡವೆಂದು ತೂತನ್ನು ಗೋಡೆಯ ಕಡೆಗೆ ತಿರುಗಿಸಿ, ಎದುರಿಗೆ ನಾಲ್ಕು ಚೆಂಡುಹೂ ಹೆಚ್ಚಿಗೆ ಇಟ್ಟು ಸುಮ್ಮನಾದೆ. ಆದ್ದರಿಂದ ತಮ್ಮ ವರದಿಯಲ್ಲಿ ಇಲಿಯ ಸಂಗತಿ ಸತ್ಯವೇ ಇದೆ, ಸಿತಾರಿನ ನಂಬರು ಮಾತ್ರ ತಿದ್ದಿಕೊಳ್ಳಿ. ನನ್ನ ಸಿತಾರಿನೊಳಗೆ ಇಲಿ ಸಂಸಾರ ಹೂಡಲಾರದು. ಬೆಳಗಿನ ಐದು ಗಂಟೆಗೆ ಯಮನ್ ಕೇಳಬೇಕಾಗುತ್ತದೆ.