ನನ್ನ ಗಂಟಲಿನ ಟವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದೇ. ನನ್ನ ಗಂಟಲಿನಲ್ಲಿ ಏನೋ ಶಕ್ತಿ ಇದೆಯೆಂದು ಜನ ಹೇಳಿದಾಗ ‘ಸುಮ್ಮನಿರ್ರಪ್ಪ’ ಎನ್ನುವ ಬದಲು ತಲೆ ತಗ್ಗಿಸಿ, ನಾಚಿಕೊಂಡವನ ಹಾಗೆ ನಿಂತೆ. ಹಾಗೆ ನಿಲ್ಲುವುದು ಹೌದು ಎನ್ನುವುದಕ್ಕಿಂತ ದೊಡ್ಡ ಸುಳ್ಳು.

ನಾನು ಕೊಳ್ಳೇಗಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಯಂತ್ರ ಕಾಗದದ ನಕಲು ತೆಗೆಯುತ್ತದೆ, ನಾನು ಕಾಗದ ತಂದವರ ನಕಲು ತೆಗೆಯುತ್ತೇನೆ. ಒಂದು ದಿನ ಹನೂರು ಬಸ್ಸಿನ ಕಂಡಕ್ಟರೊಬ್ಬರಂತೆ ಮೂಗಿನಲ್ಲಿ, ‘ಒಳಕ್ ಓಗಿ, ಒಳಗೆಲ್ಲ ಮೈದಾನ ಇದ್ದಂಗದೆ!’ ಎಂದು ಕೂಗುತ್ತಿದ್ದೆ. ತಿರುಗಿದರೆ ಬಾಗಿಲಲ್ಲಿ ಅದೇ ಕಂಡಕ್ಟರು, ಕೈಯಲ್ಲಿ ಆಧಾರ್ ಕಾರ್ಡು. ಮರುದಿನ ಹೊನ್ನೂರಿನ ಸೋದರಮಾವನ ಸೀನು ಸೀನಿ ತೋರಿಸಿದೆ. ಅದು ಮೂರು ಕಂತಿನಲ್ಲಿ ಬರುವ ಸೀನು. ಕೊನೆಯ ಕಂತಿಗೆ ಕೇಳುವವರ ಮೂಗೂ ತುರಿಸುತ್ತದೆ. ಆ ಕಂತು ಮುಗಿಯುವುದರೊಳಗೆ ಮಾವನೇ ಎರಡು ತೆಂಗಿನಕಾಯಿ ಹಿಡಿದು ಆಟೋದಿಂದ ಇಳಿದರು. ಅದೇ ವಾರ, ವರ್ಷಗಳಿಂದ ಕಣ್ಣಿಗೆ ಬೀಳದ ನಮ್ಮ ಲೆಕ್ಕದ ಮೇಷ್ಟರೂ ಹೀಗೇ ಬಂದರು.

ಪಕ್ಕದ ಅಂಗಡಿಯ ಟೈಲರ್ ರಾಚಪ್ಪ ಹೊಲಿಗೆ ನಿಲ್ಲಿಸಿ ಸಿದ್ಧಾಂತ ಮಂಡಿಸಿದರು. ‘ಇದು ಟವರ್ ಕಣ್ಲಾ. ಒಬ್ಬೊಬ್ರ ಗಂಟ್ಲಿಗೂ ಒಂದೊಂದ್ ನಂಬರ್ ಅದೆ. ನೀನು ದನಿ ತಗುದ್ರೆ ಅವ್ರಿಗೆ ರಿಂಗ್ ಆಯ್ತದೆ, ಕಾಲು ತಾನಾಗೇ ಇತ್ಲಾಗೆ ತಿರುಗ್ತದೆ.’

‘ನಿಮ್ ದನಿ ದಿನಾ ತಗೀತೀನಲ್ಲ?’

‘ಅದ್ಕೇ ಕಣ್ಲಾ, ನಾನು ದಿನಾ ಇಲ್ಲೇ ಬಿದ್ದಿರದು!’

ಸುದ್ದಿ ನಮ್ಮ ಬೀದಿಯ ಪುಟ್ಟಮ್ಮನವರ ಕಿವಿಗೆ ಬಿತ್ತು. ರೇಷ್ಮೆ ನೂಲು ಸುತ್ತಿ ಬದುಕುವ ಹೆಂಗಸು. ಎಷ್ಟು ಅಣಕಿಸಿದರೂ ನಗುವವರು. ಅವರ ತಂಗಿ ಮಾದೇವಿಯನ್ನು ಮಾರ್ಟಳ್ಳಿಗೆ ಕೊಟ್ಟಿದೆ. ತವರಿಂದ ಹೊರಡುವ ಹೆಣ್ಣಿಗೆ ಮಡಿಲಕ್ಕಿ ಹಾಕಿ ಕಳಿಸುವುದು ನಮ್ಮ ಕಡೆ ರೂಢಿ. ಇವರ ಅವ್ವ ತೀರಿಹೋದ ಮೇಲೆ ಮಾದೇವಿಗೆ ಅಕ್ಕನ ಮನೆಯೇ ತವರು. ಐದು ವರ್ಷದ ಹಿಂದೆ ತಂಗಿ ಹೊರಟಾಗ ಪುಟ್ಟಮ್ಮ, ‘ಬಸ್ ಓಯ್ತದೆ, ಓಡು ಓಡು’ ಎಂದು ಗಡಿಬಿಡಿ ಮಾಡಿ ಅಕ್ಕಿಯನ್ನೇ ಮರೆತರು. ಅವತ್ತು ಮುನಿದ ತಂಗಿ ಆಮೇಲೆ ಬರುವುದಿಲ್ಲ, ಫೋನು ಎತ್ತುವುದಿಲ್ಲ.

‘ಅವ್ಳ ದನಿ ತಗಿ ಮಗ. ಬತ್ತಾಳೇನೋ ನೋಡವ’ ಅಂದರು.

ನಿಜ ಹೇಳಲು ಅದು ಸರಿಯಾದ ಹೊತ್ತು. ಆದರೆ ಹೆಸರು ಗಳಿಸಿದವನಿಗೆ ಸರಿಯಾದ ಹೊತ್ತು ಕಾಣುವುದಿಲ್ಲ. ‘ನಾನು ಅವರ ದನಿ ಕೇಳೇ ಇಲ್ವಲ್ಲ’ ಎಂದು ಜಾರಿಕೊಳ್ಳಲು ನೋಡಿದೆ. ‘ನಾನೇ ಏಳ್ಕೊಡ್ತೀನಿ, ಕೂತ್ಕೊ’ ಎಂದರು.

ಪುಟ್ಟಮ್ಮ ತಂಗಿಯಾಗಿ ತಮ್ಮನ್ನು ತಾವೇ ಬೈದುಕೊಂಡರು. ‘ಬುಡು ಬುಡು, ನಿಂಗ್ಯಾಕೆ ನನ್ ಚಿಂತೆ!’ ನಾನೂ ಹಾಗೇ ಅಂದೆ. ‘ಅಷ್ಟು ಗಡುಸಲ್ಲ ಕಣಪ್ಪ, ಕೊನೇಲಿ ವಸಿ ಎಳೀಬೇಕು. ಬಯ್ತಾ ಇದ್ರೂ ತಲೆ ಸವರ್ದಂಗಿರ್ಬೇಕು.’ ಎಳೆದೆ. ಸವರಿದೆ. ಹತ್ತನೇ ಸಲಕ್ಕೋ ಏನೋ ಅವರ ಕೈಯ ನೂಲು ನಿಂತಿತು. ಗೋಡೆ ಕಡೆ ತಿರುಗಿ ಸೆರಗಿನಿಂದ ಮೂಗೊರೆಸಿಕೊಂಡು, ‘ಊಂ, ಇದೇಯ’ ಅಂದರು.

ಮೂರು ದಿನ ಅಂಗಡಿಯಲ್ಲಿ ಮಾದೇವಿಯ ದನಿ ತೆಗೆದೆ. ಮೂರು ಸಂಜೆಯೂ ಪುಟ್ಟಮ್ಮ ಒಗೆದ ಸೀರೆ ಉಟ್ಟು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತರು. ಯಾರೂ ಇಳಿಯಲಿಲ್ಲ. ನಾಲ್ಕನೇ ದಿನ ನನಗೆ ಅನ್ನ ಇಳಿಯಲಿಲ್ಲ. ಹೋಗಿ ಹೇಳಿಬಿಟ್ಟೆ: ‘ದೊಡ್ಡಮ್ಮ, ನಾನು ದಿನಕ್ಕೆ ಊರವರೆಲ್ಲರ ದನಿ ತಗೀತೀನಿ. ಬಂದ ಮೂರು ಜನರ ಕತೆ ಮಾತ್ರ ಸಾರಿದೆ. ಬರದೆ ಇರೋರ ಕತೆ ಯಾರಿಗೂ ಹೇಳ್ಲಿಲ್ಲ.’

ಬಯ್ಯುತ್ತಾರೆಂದು ಕಾದೆ. ಅವರು ಒಳಗೆ ಹೋಗಿ ಅಕ್ಕಿ, ಬೆಲ್ಲ, ಕೊಬ್ಬರಿ ಗಂಟು ಕಟ್ಟಿ ತಂದರು. ‘ಬರ್ನಿಲ್ಲ ಅಂದ್ರೆ ನಾವೇ ಓಗವ. ಇದ ತಕಂಡು ನಡಿ.’

ಹನೂರಿನಲ್ಲಿ ಬಸ್ಸು ಬದಲಿಸಿ ಮಾರ್ಟಳ್ಳಿ ಮುಟ್ಟಿದೆವು. ಮಾದೇವಿ ಬಾಗಿಲಿಗೆ ಬಂದು ನಿಂತರು. ಅಕ್ಕ ಮಾತಾಡಲಿಲ್ಲ, ತಂಗಿ ಮಾತಾಡಲಿಲ್ಲ. ಮೌನ ಕಂಡರೆ ನನ್ನ ಬಾಯಿ ತಡೆಯುವುದಿಲ್ಲ. ‘ಬುಡು ಬುಡು, ನಿಂಗ್ಯಾಕೆ ನನ್ ಚಿಂತೆ!’ ಎಂದು ಹೊರಟೇಬಿಟ್ಟಿತು.

ಮಾದೇವಿಯ ಮುಖ ಬಿಳಿಚಿತು. ‘ಈ ದನಿ ಎಲ್ಲಿ ಕಲ್ತೆ?’

‘ನಿಮ್ದೇ ಅಲ್ವಾ? ನಿಮ್ಮಕ್ಕ ಹೇಳ್ಕೊಟ್ರು.’

‘ನಂದಲ್ಲ. ಅಕ್ಕಾ, ಇದು ಅವ್ವಂದು!’

ಪುಟ್ಟಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ತಂಗಿಯ ದನಿ ಹುಡುಕಲು ಹೋಗಿ ಅವರು ತಿಳಿಯದೆಯೇ ಅವ್ವನ ದನಿ ಎತ್ತಿಕೊಟ್ಟಿದ್ದರು. ಆಮೇಲೆ ಯಾರು ಮೊದಲು ಅತ್ತರೋ ನಾನು ನೋಡಲಿಲ್ಲ; ನನ್ನ ಕಣ್ಣೂ ಕೆಲಸಕ್ಕೆ ಬರುತ್ತಿರಲಿಲ್ಲ. ಮಾದೇವಿ ಸೆರಗೊಡ್ಡಿದರು, ಪುಟ್ಟಮ್ಮ ಅಕ್ಕಿ ಸುರಿದರು. ತವರೇ ಬಸ್ಸು ಹತ್ತಿ ಬಂದಿತ್ತು.

ನಾನು ಹುಟ್ಟುವ ಮೊದಲೇ ಹೋದ ಆ ಅವ್ವನ ದನಿ ನನ್ನ ಬಾಯಲ್ಲಿ ಬಂದದ್ದು ವಿಚಿತ್ರವಲ್ಲವೆ? ಇಷ್ಟಾದ ಮೇಲೆ ನನಗೆ ಬುದ್ಧಿ ಬಂದಿತ್ತು ಎಂದುಕೊಂಡಿರಾ? ಊಟಕ್ಕೆ ಕುಳಿತವನು ಮತ್ತೆ ಶುರುಮಾಡಿದೆ: ‘ನೋಡಿ, ಟವರ್ ಸುಳ್ಳಲ್ಲ, ಸಿಗ್ನಲ್ಲು ಪರಲೋಕದಿಂದ ಬರ್ತಿರಬೇಕು, ನಿಮ್ಮವ್ವನೇ ನನ್ನ ಗಂಟಲಲ್ಲಿ ಕೂತು...’

ಮಾದೇವಿ ನನ್ನ ತಟ್ಟೆಗೆ ಮುದ್ದೆ ಹಾಕಿ ಅಂದರು: ‘ನಮ್ಮವ್ವ ಇಷ್ಟೊಂದ್ ಮಾತಾಡ್ತಿರ್ನಿಲ್ಲ ಕಣ್ಲಾ. ಉಣ್ಣು.’