ಸೊಂಟನೋವಿಗೆ ಗಂಜಿ

ಅಡುಗೆಯವ: ಇದಕ್ಕೆ ಏನಂತ ಹೆಸರು?

ಹೆಂಡತಿ: ಗಂಜಿ.

ಅಡುಗೆಯವ: ಅದು ಕಾಣ್ತಿದೆ. ಇದಕ್ಕೆ ಉಪ್ಪು ಹಾಕಿದ್ಯೋ, ಇಲ್ಲ ಉಪ್ಪಿನ ಡಬ್ಬಿ ದೂರದಿಂದ ತೋರಿಸಿದ್ಯೋ?

ಹೆಂಡತಿ: ಬೆಳಗ್ಗೆಯಿಂದ ಮಂಚಕ್ಕೂ ಬಾತ್‌ರೂಮಿಗೂ ದಾರಿ ಸವೆಸ್ತಿರೋರಿಗೆ ಅಷ್ಟೇ ಉಪ್ಪು. ಕುಡೀರಿ.

ಅಡುಗೆಯವ: ಒಂದೇ ಒಂದು ಚಿಟಿಕೆ ಮೆಣಸಿನ ಪುಡಿ ಉದುರಿಸಿದ್ರೆ...

ಹೆಂಡತಿ: ಮೆಣಸಿನ ಪುಡಿ ಬೀರುವಿನಲ್ಲಿದೆ. ಬೀರುವಿನ ಕೀ ನನ್ನ ಹತ್ರ ಇದೆ.

ಅಡುಗೆಯವ: ಬೀರು ಇರೋದು ಒಡವೆ ಇಡೋಕೆ ಕಣೆ.

ಹೆಂಡತಿ: ನೀವು ಒಡವೆ ಕೊಡಿಸಿದ ದಿನ ಮೆಣಸಿನ ಪುಡಿ ಹೊರಗೆ ತೆಗೀತೀನಿ.

ಮಂಚದ ಮೇಲೆ ಒರಗಿದ್ದ ಈತ ಹೋಟೆಲೊಂದರ ಹಿರಿಯ ಅಡುಗೆಯವ. ಇನ್ನೊಬ್ಬರು ಮಾಡಿದ್ದನ್ನು ಚೆನ್ನಾಗಿದೆ ಎಂದು ಅವನ ಬಾಯಲ್ಲಿ ಕೇಳಿದವರಿಲ್ಲ. ಮೊನ್ನೆ ಹೋಟೆಲ್ ಬಾಗಿಲು ಹಾಕುವ ಹೊತ್ತಿಗೆ ಉಳಿದಿದ್ದ ಮಾಂಸದ ಸಾರನ್ನು ಸಾಹುಕಾರರು ಮೂಸಿ ನೋಡಿ, ಹಳಸಿರಬೇಕು, ಚೆಲ್ಲಿಬಿಡು ಎಂದಿದ್ದರು. ತಾನು ಮಾಡಿದ ಸಾರನ್ನು ಚೆಲ್ಲುವುದೇ? ‘ನನ್ನ ನಾಲಿಗೆ ಸುಳ್ಳು ಹೇಳಲ್ಲ’ ಎಂದು ಈ ಪುಣ್ಯಾತ್ಮ ಅವರೆದುರಿಗೇ ಒಂದು ತಟ್ಟೆ ತುಂಬ ಬಡಿಸಿಕೊಂಡು ತಿಂದು ತೋರಿಸಿದ. ಆಮೇಲಿನದನ್ನು ಹೊಟ್ಟೆ ನೋಡಿಕೊಂಡಿತು. ಈಗ ಭೇದಿ ಎಂದು ಬಾಯಿಬಿಟ್ಟರೆ ನಾಲಿಗೆಯ ಮಾನ ಹೋಗುತ್ತದೆ, ಅದರ ಹಿಂದೆಯೇ ಕೆಲಸವೂ ಹೋಗುತ್ತದೆ. ಅದಕ್ಕೇ ಸೊಂಟನೋವು ಎಂದು ಹೇಳಿಕಳಿಸಿದ್ದ.

ಹೆಂಡತಿ: ಗಂಜಿ ಆದಮೇಲೆ ಅರ್ಧ ಬಾಳೆಹಣ್ಣು. ಮಧ್ಯೆ ಮಧ್ಯೆ ಉಪ್ಪು ಸಕ್ಕರೆ ನೀರು, ಗುಟುಕು ಗುಟುಕಾಗಿ. ಸಾಯಂಕಾಲಕ್ಕೆ ಬೇಯಿಸಿ ಹಿಸುಕಿದ ಆಲೂಗಡ್ಡೆ.

ಅಡುಗೆಯವ: ಬೆಣ್ಣೆ ಹಾಕಿ?

ಹೆಂಡತಿ: ಬೆಣ್ಣೆ ಇಲ್ಲ. ಎಣ್ಣೆ ಇಲ್ಲ, ಖಾರ ಇಲ್ಲ, ಕರಿದದ್ದು ಇಲ್ಲ, ಹಾಲು ಇಲ್ಲ.

ಅಡುಗೆಯವ: ಉಸಿರಾಡಬಹುದಾ?

ಹೆಂಡತಿ: ನಿಧಾನಕ್ಕೆ.

ಅಡುಗೆಯವ: ಹಲ್ಲು ಬರದ ಮಗುಗೆ ತಿನ್ನಿಸೋ ಹಾಗೆ ತಿನ್ನಿಸ್ತಿದ್ದೀಯ.

ಹೆಂಡತಿ: ಮಗು ವಾಸಿ. ಹಳಸಿದ್ದು ಬಾಯಿಗೆ ಹೋದ್ರೆ ಥೂ ಅಂತ ಉಗಿಯುತ್ತೆ. ಅದಕ್ಕೆ ಕಾಪಾಡಿಕೊಳ್ಳೋಕೆ ಹೆಸರಿಲ್ಲವಲ್ಲ.

ಇದಕ್ಕೊಂದು ಖಾರವಾದ ಉತ್ತರ ಅವನಲ್ಲಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಬಂದವರು ಸಾಕ್ಷಾತ್ ಸಾಹುಕಾರರೇ, ಕೈಯಲ್ಲೊಂದು ಟಿಫಿನ್ ಕ್ಯಾರಿಯರ್. ಅಡುಗೆಯವ ಹೊಟ್ಟೆಯ ಮೇಲಿದ್ದ ಕೈಯನ್ನು ಗಬಕ್ಕನೆ ಸೊಂಟಕ್ಕೆ ಸಾಗಿಸಿ ನರಳಿದ.

ಸಾಹುಕಾರ: ಹೇಗಿದೆಯಪ್ಪಾ ಸೊಂಟ?

ಅಡುಗೆಯವ: ಬಗ್ಗೋಕೇ ಆಗ್ತಿಲ್ಲ ಸಾಹುಕಾರ್ರೇ.

ಹೆಂಡತಿ: ಕೂರೋದು ಮಾತ್ರ ಬೇಕಾದಷ್ಟು ನಡೀತಿದೆ.

ಸಾಹುಕಾರ: ನೋವು ಯಾವಾಗ ಜಾಸ್ತಿ?

ಹೆಂಡತಿ: ಏನಾದ್ರೂ ತಿಂದ ಸ್ವಲ್ಪ ಹೊತ್ತಿಗೆ.

ಸಾಹುಕಾರ: ತಿಂದ್ರೆ ಸೊಂಟ ನೋಯುತ್ತಾ?

ಅಡುಗೆಯವ: ಅಗಿಯುವಾಗ ಎಳೆದ ಹಾಗಾಗುತ್ತೆ. ನರ ಎಲ್ಲಾ ಒಂದಕ್ಕೊಂದು ಸೇರಿಕೊಂಡಿರುತ್ತಲ್ಲ.

ಹೆಂಡತಿ: ಅದಕ್ಕೇ ಗಂಜಿ ಕೊಡ್ತಿದ್ದೀನಿ. ಅಗಿದ್ರೆ ಸೊಂಟ ಮುರಿದುಹೋದೀತು ಅಂತ.

ಸಾಹುಕಾರರು ಗಂಜಿಯ ಬಟ್ಟಲನ್ನೇ ನೋಡುತ್ತ ಎಂಜಲು ನುಂಗಿದರು. ಅಡುಗೆಯವನಿಗೆ ಅದು ತಾತ್ಸಾರವೆಂದು ಕಂಡಿತು. ತನ್ನಂಥ ಅಡುಗೆಯವ ಗಂಜಿ ಕುಡಿಯುವುದನ್ನು ಸಾಹುಕಾರರು ನೋಡುವಂತಾಯಿತಲ್ಲ ಎಂದು ನಾಚಿಕೆಯಾಯಿತು.

ಸಾಹುಕಾರ: ನಿನಗೆ ಅಂತಲೇ ತಂದೆ. ಮೊನ್ನೆ ಅಷ್ಟು ಹೊಗಳಿಕೊಂಡು ತಿಂದೆಯಲ್ಲ, ಅದೇ ಸಾರು. ಉಳಿದದ್ದನ್ನ ಮನೆಗೆ ತಗೊಂಡುಹೋಗಿ ಫ್ರಿಜ್ಜಿನಲ್ಲಿಟ್ಟಿದ್ದೆ.

ಕ್ಯಾರಿಯರಿನ ಮುಚ್ಚಳ ತೆರೆಯಿತು. ವಾಸನೆ ಮಂಚದವರೆಗೆ ಬಂದು ಮೊನ್ನೆಯದೆಲ್ಲವನ್ನೂ ನೆನಪಿಸಿತು. ಅಡುಗೆಯವನ ಹೊಟ್ಟೆ ಇಡೀ ಕೋಣೆಗೆ ಕೇಳುವಂತೆ ಗುಡುಗಿತು.

ಸಾಹುಕಾರ: ಏನದು ಸದ್ದು?

ಅಡುಗೆಯವ: ಸೊಂಟ.

ಸಾಹುಕಾರ: ಪಾಪ. ಒಂದು ತುತ್ತು ತಿನ್ನಪ್ಪಾ, ನನ್ನ ಸಮಾಧಾನಕ್ಕೆ.

ಹೆಂಡತಿ: ತಿನ್ನಿ, ಪಾಪ, ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದಾರೆ.

ಅಡುಗೆಯವ: ದೊಡ್ಡೋರು ನೀವು ಮೊದಲು ಕೈ ಹಚ್ಚಿ ಸಾಹುಕಾರ್ರೇ.

ಸಾಹುಕಾರ: ಛೆ ಛೆ, ನನಗೆ ಬೇಡ. ನನಗೂ ಯಾಕೋ... ಸ್ವಲ್ಪ ಸೊಂಟ.

ಹೆಂಡತಿ: ಹೌದಾ? ನಿಮಗೆ ಕುಳಿತ್ರೆ ಜಾಸ್ತಿನೋ, ತಿಂದ್ರೆ ಜಾಸ್ತಿನೋ?

ಸಾಹುಕಾರರು ಬಾತ್‌ರೂಮ್ ಎಲ್ಲಿ ಎಂದು ಕೈಸನ್ನೆಯಲ್ಲೇ ಕೇಳಿ, ಆಕೆ ತೋರಿಸಿದ ಕಡೆಗೆ ಪಂಚೆ ಎತ್ತಿ ಹಿಡಿದು ಓಡಿದರು. ಬಾಗಿಲು ಹಾಕಿಕೊಂಡಿತು. ಅಡುಗೆಯವನಿಗೆ ಒಂದು ಕ್ಷಣ ಖುಷಿಯಾಯಿತು, ಮರುಕ್ಷಣವೇ ಕಾರಣ ಹೊಳೆಯಿತು.

ಅಡುಗೆಯವ: ಅವರೂ ತಿಂದಿದ್ದಾರೆ ಕಣೆ.

ಹೆಂಡತಿ: ನಿಮ್ಮ ನಾಲಿಗೆ ಮೇಲೆ ಅಷ್ಟೊಂದು ನಂಬಿಕೆ. ಈಗ ನಿಜ ಹೇಳಿಬಿಡಿ.

ಅಡುಗೆಯವ: ಹೇಳಿದ್ರೆ ಕೆಲಸ ಹೋಗುತ್ತೆ.

ಹೆಂಡತಿ: ಹೇಳದಿದ್ರೆ ಆ ಸಾರು ತಿನ್ನಬೇಕಾಗುತ್ತೆ. ಆಗ ನೀವೇ ಹೋಗ್ತೀರ.

ಹೊರಗೆ ಬಂದ ಸಾಹುಕಾರರ ಮುಖ ಅರ್ಧಕ್ಕಿಳಿದಿತ್ತು. ಕುರ್ಚಿ ಹಿಡಿದು ಕುಳಿತರು.

ಸಾಹುಕಾರ: ಇನ್ನು ಮುಚ್ಚಿಟ್ಟು ಏನು ಮಾಡೋದು. ನೀನು ಚೆನ್ನಾಗಿದೆ ಅಂದೆ ಅಂತ ಮನೆಗೆ ಹೋಗಿ ನಾನೂ ಹೊಟ್ಟೆ ತುಂಬ ತಿಂದೆ. ಹೊಟ್ಟೆ ಕೆಟ್ಟಿತು. ತಪ್ಪೆಲ್ಲಾ ನಮ್ಮವಳು ಮಾಡಿದ ಹುರುಳಿಕಾಯಿ ಪಲ್ಯದ ಮೇಲೆ ಹಾಕಿ ಬಾಯಿಗೆ ಬಂದ ಹಾಗೆ ಬೈದೆ. ಅವಳು ಒಲೆ ಆರಿಸಿ ಕೂತಿದ್ದಾಳೆ. ಒಂದು ಲೋಟ ಗಂಜಿ ಕೇಳಿದ್ರೆ, ಹೋಗಿ ನಿಮ್ಮ ಅಡುಗೆಯವನನ್ನೇ ಕೇಳಿ ಅಂತಾಳೆ.

ಹೆಂಡತಿ: ಅವರು ಸರಿಯಾಗೇ ಹೇಳಿದ್ದಾರೆ.

ಸಾಹುಕಾರ: ಈಗ ಇವನು ಇದನ್ನ ತಿಂದು ಅರಗಿಸ್ಕೊಂಡ್ರೆ ತಪ್ಪು ಅವಳದ್ದು. ಇಲ್ಲ ಅಂದ್ರೆ ಇವನದ್ದು. ತಿನ್ನಪ್ಪಾ.

ಅಡುಗೆಯವ ಚಮಚ ಎತ್ತಿದ. ಸಾರು ತುಟಿಯ ಹತ್ತಿರ ಬಂತು. ಕಂಡವರ ಮನೆಯ ಹೆಣ್ಣುಮಗಳು ಮಾಡದ ತಪ್ಪಿಗೆ ಬೈಸಿಕೊಂಡು ಕೂತಿದ್ದಾಳೆ ಎಂಬುದು ಅವನ ಮನಸ್ಸನ್ನು ಕುಟುಕಿತು. ಹೊಟ್ಟೆಯೂ ಅದೇ ಹೊತ್ತಿಗೆ ಕುಟುಕಿದ್ದರಿಂದ ಯಾವುದು ಮೊದಲು ಗೆದ್ದಿತೆಂದು ಹೇಳುವುದು ಕಷ್ಟ. ಚಮಚ ಕೆಳಗಿಟ್ಟ.

ಅಡುಗೆಯವ: ಹಳಸಿತ್ತು ಸಾಹುಕಾರ್ರೇ. ಮೊದಲನೇ ತುತ್ತಿಗೇ ಗೊತ್ತಾಯ್ತು. ನಾಲಿಗೆ ನಿಜಾನೇ ಹೇಳ್ತು, ಸುಳ್ಳು ಹೇಳಿದ್ದು ನಾನು.

ಸಾಹುಕಾರ: ಹಾಗಾದ್ರೆ ನಾನೀಗ ಮನೆಗೆ ಹೋಗಿ ಹೆಂಡತಿ ಹತ್ರ ತಪ್ಪಾಯ್ತು ಅನ್ಬೇಕು.

ಅಡುಗೆಯವ: ಅನ್ಬೇಕಾಗುತ್ತೆ.

ಸಾಹುಕಾರ: ಅದಕ್ಕಿಂತ ನೀನು ಇದನ್ನ ತಿಂದಿದ್ರೇ ಚೆನ್ನಾಗಿತ್ತು.

ಹೆಂಡತಿ ಕ್ಯಾರಿಯರನ್ನು ಒಯ್ದು ಸಾರನ್ನು ಚೆಲ್ಲಿ ಬಂದಳು.

ಅಡುಗೆಯವ: ನನ್ನ ಕೆಲಸ?

ಸಾಹುಕಾರ: ನಾಳೆಯಿಂದ ಹೋಟೆಲ್ ಕಡೆ ಬರ್ಬೇಡ.

ಅಡುಗೆಯವ ಮಂಚದ ಮೇಲೆ ಎದ್ದು ಕುಳಿತ.

ಸಾಹುಕಾರ: ಭೇದಿ ನಿಂತಮೇಲೆ ಬಾ. ಮೊದಲು ನಮ್ಮ ಮನೆಗೆ ಬಂದು ಅವಳೆದುರಿಗೆ ಇದೇ ಮಾತು ಹೇಳಿ, ಆಮೇಲೆ ಹೋಟೆಲಿಗೆ ಹೋಗು.

ಹೆಂಡತಿ ಇನ್ನೊಂದು ಬಟ್ಟಲು ಗಂಜಿ ತಂದು ಸಾಹುಕಾರರ ಕೈಗಿಟ್ಟಳು. ಅವರು ಮಗುವಿನ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಕೆಲಸ ಉಳಿದ ಸಮಾಧಾನದಲ್ಲಿ ಅಡುಗೆಯವ ತನ್ನ ಬಟ್ಟಲನ್ನೆತ್ತಿ ಒಂದು ಗುಟುಕು ಕುಡಿದ. ಹಿತವಾಗಿತ್ತು. ಜೀವಮಾನದಲ್ಲೇ ಮೊದಲ ಸಲ ಅವನು ಇನ್ನೊಬ್ಬರ ಅಡುಗೆಯನ್ನು ಮನಸಾರೆ ಹೊಗಳಿದ.

ಅಡುಗೆಯವ: ಕುಡೀರಿ ಸಾಹುಕಾರ್ರೇ. ತುಂಬಾ ಚೆನ್ನಾಗಿದೆ.

ಬಾಯಿಯವರೆಗೆ ಹೋಗಿದ್ದ ಸಾಹುಕಾರರ ಬಟ್ಟಲು ಅಲ್ಲೇ ನಿಂತಿತು. ಅವರು ಅದನ್ನು ಮೆಲ್ಲಗೆ ಕೆಳಗಿಳಿಸಿ ಅಡುಗೆಯವನ ಹೆಂಡತಿಯ ಕಡೆಗೆ ತಿರುಗಿದರು.

ಸಾಹುಕಾರ: ಅಮ್ಮಾ, ನೀವೂ ಒಂದು ಸಲ ರುಚಿ ನೋಡಿ ಹೇಳಿಬಿಡಿ.