ಮಾಮನ ಬಳ್ಳಿಯಕ್ಷರ

ಕಂಬಂ ಕಣಿವೆಯಲ್ಲೇ ನಮ್ಮ ಮಾಮನಷ್ಟು ಚೆಂದದ ಅಕ್ಷರ ಬರೆಯುವವರು ಇನ್ನೊಬ್ಬರಿಲ್ಲ. ಇದನ್ನು ಅವನ ವೈರಿಗಳೂ ಒಪ್ಪುತ್ತಾರೆ. ಆ ಅಕ್ಷರವನ್ನು ಓದಿದವರು ಮಾತ್ರ ಇದುವರೆಗೆ ಯಾರೂ ಸಿಕ್ಕಿಲ್ಲ.

ಮಾಮ ಎಂದರೆ ಅಮ್ಮನ ತಮ್ಮ. ತಮಿಳುನಾಡಿನ ತೇನಿಯಲ್ಲಿ ಬೋರ್ಡು ಬರೆಯುವುದು ಅವನ ಕಸುಬು. ನಮ್ಮದು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಹಾಗಾಗಿ ಅವನು ಬರೆಯುವುದೆಲ್ಲ ತಮಿಳು ಅಕ್ಷರ. ಒಂದೊಂದರ ತುದಿಯಿಂದಲೂ ದ್ರಾಕ್ಷಿಯ ಕುಡಿ ಹೊರಟು, ಪಕ್ಕದ ಅಕ್ಷರದ ಸೊಂಟ ಬಳಸಿ, ಮೇಲಕ್ಕೆ ಹೋಗಿ ಎರಡು ಸುತ್ತು ಸುತ್ತಿಕೊಂಡು ನಿಲ್ಲಬೇಕು. ನಿಲ್ಲದೆ ಮುಂದೆ ಹೋದದ್ದೂ ಉಂಟು. ಓಡೈಪಟ್ಟಿಯ ದ್ರಾಕ್ಷಿ ವ್ಯಾಪಾರಿಯೊಬ್ಬರಿಗೆ ಹೀಗೇ ಬೋರ್ಡು ಬರೆದುಕೊಟ್ಟ. ಲಾರಿ ಡ್ರೈವರುಗಳು ಅದರ ಕೆಳಗೇ ನಿಂತು ಅಂಗಡಿ ಎಲ್ಲಿ ಎಂದು ವಿಚಾರಿಸತೊಡಗಿದರು. ವ್ಯಾಪಾರಿ ಬಂದು ತನ್ನ ಹೆಸರೆಲ್ಲಿದೆ ಎಂದು ಕೇಳಿದರೆ, ಎಲೆ ಸರಿಸಿ ನೋಡಿ ಎಂದನಂತೆ ಮಾಮ.

ಪೆರಿಯಕುಳಂನ ಡಾಕ್ಟರೊಬ್ಬರ ಕಾಂಪೌಂಡ್ ಗೋಡೆಯ ಮೇಲೆ 'ಇಲ್ಲಿ ಗಾಡಿ ನಿಲ್ಲಿಸಬೇಡಿ' ಎಂದು ಬರೆದ. ಅದೇನೆಂದು ನೋಡಲಿಕ್ಕೇ ಜನ ಗಾಡಿ ನಿಲ್ಲಿಸಿದರು! ಡಾಕ್ಟರು ಗೋಡೆಗೆ ಸುಣ್ಣ ಹೊಡೆಸಿದರು. ಕಲೆಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಏನು ಬೇಕು ಎಂದು ಮಾಮ ಇವತ್ತಿಗೂ ಕೇಳುತ್ತಾನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಕಡೆಗೂ ಕಂಪ್ಯೂಟರ್ ಬಂತು. ಬೋರ್ಡು ಬರೆಯುವವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ಮಾಮ ಮಾತ್ರ ತನ್ನ ಅಕ್ಷರವನ್ನೇ ಅದರೊಳಗೆ ಕೂರಿಸುತ್ತೇನೆ ಎಂದ. ಕೀಲಿ ಒತ್ತಿದರೆ ಬಳ್ಳಿ ಬರಬೇಕು! ದಿಂಡಿಗಲ್ಲಿನ ಒಂದು ಡಿಟಿಪಿ ಸೆಂಟರಿನ ಅಕ್ಕ, ಅವನು ಬರೆದುಕೊಟ್ಟದ್ದನ್ನು ಸ್ಕ್ಯಾನ್ ಮಾಡಿ ಫಾಂಟ್ ಮಾಡಿಕೊಡಲು ಒಪ್ಪಿದರು. ಮೂರು ವರ್ಷ ಮಾಮ ಹಾಳೆಗಳನ್ನು ಸುರುಳಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದ. ತಮಿಳಿಗೆ ಇನ್ನೂರ ನಲವತ್ತೇಳು ಅಕ್ಷರ; ಮೂರು ವರ್ಷ ಹೆಚ್ಚೇನಲ್ಲ ಎಂದುಕೊಂಡೆವು.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಪತ್ರಿಕೆಯಲ್ಲಿ ತನ್ನ ಅಕ್ಷರ ಇರಲೇಬೇಕೆಂದು ಮಾಮ ಸಾರಿದ. ಅಪ್ಪನಿಗೆ ಜ್ವರ ಬಂದಂತಾಯಿತು. ಬೇಡ ಎನ್ನುವ ಹಾಗೂ ಇಲ್ಲ. ನಮ್ಮಲ್ಲಿ ತಾಯಿಮಾಮ ಕೈಹಿಡಿದು ಕರೆತರದೆ ಹೆಣ್ಣು ಮಣೆ ಏರುವಂತಿಲ್ಲ. ಅವನು ಮುನಿದರೆ ಗಂಡು, ಮಂಟಪ, ಅಡುಗೆಯವರು ಎಲ್ಲ ಇದ್ದೂ ಮದುವೆ ಇಲ್ಲ.

"ಓದಕ್ಕೆ ಬರ್ಬೇಕಲ್ಲ ಮಚ್ಚಾ," ಎಂದರು ಅಪ್ಪ ತಮ್ಮ ಭಾಮೈದನಿಗೆ, ಆದಷ್ಟು ಮೆತ್ತಗೆ.

"ಕಲ್ಯಾಣ ಪತ್ರಿಕೆನ ಯಾರ್ ಬಾವಾ ಓದ್ತಾರೆ?" ಎಂದ ಮಾಮ.

ಅದೇನೋ ನಿಜವೇ. ನಮ್ಮವರು ಮದುವೆಗೆ ಕರೆಯುವುದು ಬಾಯಲ್ಲಿ. ಗಂಡ ಹೆಂಡತಿ ಜೋಡಿಯಾಗಿ ಮನೆಮನೆಗೆ ಹೋಗಿ, ವೀಳ್ಯದ ಮೇಲೆ ಪತ್ರಿಕೆಯಿಟ್ಟು, ದಿನ, ಹೊತ್ತು, ಊರು ಎಲ್ಲ ಹೇಳಿ ಬರಬೇಕು. ಕೊಟ್ಟವರೂ ಓದುವುದಿಲ್ಲ, ತೆಗೆದುಕೊಂಡವರೂ ಓದುವುದಿಲ್ಲ. ಪತ್ರಿಕೆ ನೇರ ದೇವರ ಪಟದ ಹಿಂದಕ್ಕೆ ಸೇರುತ್ತದೆ. ಬರೀ ಕಾಗದ ಕಳಿಸಿದರೆ, ಅದೆಷ್ಟೇ ಸ್ಪಷ್ಟವಾಗಿರಲಿ, ನರಪಿಳ್ಳೆಯೂ ಬರುವುದಿಲ್ಲ.

ಅಪ್ಪ ಸೋತರು. ನಾನು ಸೋಲಲಿಲ್ಲ. ಇರುವುದು ಒಂದು ಮದುವೆ, ಅದರ ಪತ್ರಿಕೆಯಲ್ಲಿ ನನ್ನ ಹೆಸರು ನನಗಾದರೂ ಓದಲು ಬರಬೇಡವೇ? ಸಾದಾ ಅಕ್ಷರದಲ್ಲೇ ಅಚ್ಚಾಗಲಿ ಎಂದು ಮಾಮನ ಮುಖಕ್ಕೇ ಹೇಳಿಬಿಟ್ಟೆ. ಅವನು ಜಗಳವಾಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಒಂದು ಸಲ ದಿಂಡಿಗಲ್ಲಿಗೆ ಬಾ, ನೋಡಿ ಆಮೇಲೆ ಹೇಳು ಎಂದಷ್ಟೇ ಹೇಳಿ ಎದ್ದುಹೋದ.

ಡಿಟಿಪಿ ಅಕ್ಕ ಪತ್ರಿಕೆಯ ಒಕ್ಕಣೆಯನ್ನೆಲ್ಲ ಟೈಪ್ ಮಾಡಿ, ಮಾಮನ ಫಾಂಟಿಗೆ ಬದಲಿಸಿದರು. ಪರದೆಯ ತುಂಬ ಖಾಲಿ ಚೌಕಗಳು! ದೇವರ ಹೆಸರು ಚೌಕ, ವರನ ಹೆಸರು ಚೌಕ, ಮಂಟಪದ ವಿಳಾಸ ಚೌಕ. ಅಲ್ಲೊಂದು ಇಲ್ಲೊಂದು ಬಳ್ಳಿ. ಒಂದೇ ಒಂದು ಕಡೆ ಮಾತ್ರ ನಾಲ್ಕು ಅಕ್ಷರಗಳು ಕೈಕೈ ಹಿಡಿದುಕೊಂಡು ಒಟ್ಟಿಗೆ ನಿಂತಿದ್ದವು. ಜಯಂತಿ ಎಂಬ ನನ್ನ ಹೆಸರು ತಮಿಳಿನಲ್ಲಿ ನಾಲ್ಕಕ್ಷರ. ಮೂರು ವರ್ಷದಿಂದ ಈ ಮನುಷ್ಯ ಇದೇ ನಾಲ್ಕನ್ನು ತಿದ್ದಿ ತಿದ್ದಿ ತರುತ್ತಿದ್ದಾರೆ, ಮಿಕ್ಕವನ್ನು ಕೇಳಿ ಕೇಳಿ ನನಗೂ ಸಾಕಾಯಿತು ಎಂದು ಆ ಅಕ್ಕ ತಮಿಳಿನಲ್ಲಿ ನನ್ನ ಹತ್ತಿರ ದೂರಿದರು.

"ಮಿಕ್ಕ ಎಳುತ್ತೆಲ್ಲ ಎಲ್ಲಿ ಮಾಮಾ?" ಎಂದೆ, ಉಳಿದ ಅಕ್ಷರಗಳಿಗಾಗಿ ಪರದೆ ಹುಡುಕುತ್ತ.

"ಮಿಕ್ಕದ್ದು ಯಾಕೆ ಪಾಪಾ? ನಿನ್ ಹೆಸ್ರಿಗೆ ಇಷ್ಟ್ ಸಾಲ್ದಾ?"

"ಮದ್ವೆ ಗಂಡಿನ್ ಹೆಸ್ರು?"

"ಅವ್ನಿಗೂ ಒಬ್ಬ ಮಾಮ ಇರ್ತಾನಲ್ಲ, ಅವ್ನ್ ಬರೀಲಿ."

ನಗು ಬಂತು. ನಗುತ್ತಿರುವಾಗಲೇ ಅಳುವೂ ಬಂದು ನನಗೇ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ನನ್ನ ಹೆಸರನ್ನು ಅದೆಷ್ಟೋ ಜನ ಕೂಗಿದ್ದಾರೆ. ಅದರ ಮೇಲೆ ಮೂರು ವರ್ಷ ಕೂತವನು ಇವನೊಬ್ಬನೇ. ಮಿಕ್ಕದ್ದೆಲ್ಲ ಸಾದಾ ಅಕ್ಷರದಲ್ಲಿರಲಿ, ನನ್ನ ಹೆಸರು ಮಾಮನ ಅಕ್ಷರದಲ್ಲೇ ಇರಲಿ ಎಂದು ಅಕ್ಕನಿಗೆ ಹೇಳಿದೆ. ಹಾಗೇ ಅಚ್ಚಾಯಿತು. ಎಲ್ಲರ ಹೆಸರನ್ನೂ ಓದಬಹುದಾದ, ವಧು ಯಾರೆಂದು ಮಾತ್ರ ತಿಳಿಯದ ಪತ್ರಿಕೆ.

ಅಪ್ಪ ಅಮ್ಮ ಅದನ್ನು ಹಿಡಿದು ಕರೆಯಲು ಹೊರಟರು. ಗಂಡಿನ ದೊಡ್ಡಪ್ಪನೊಬ್ಬರು ಸ್ಕೂಲು ಮೇಷ್ಟರು; ನಮ್ಮ ಜನದಲ್ಲಿ ಪತ್ರಿಕೆ ಓದಿದ ಮೊದಲ ಮನುಷ್ಯ ಅವರೇ ಇರಬೇಕು. ಕನ್ನಡಕ ಹಾಕಿ ಸಾಲು ಸಾಲು ಓದುತ್ತ ಬಂದವರು ಬಳ್ಳಿಯ ಹತ್ತಿರ ನಿಂತು, ನಡುವೆ ಇದೇನು ಚಿತ್ರ ಎಂದು ಕೇಳಿದರಂತೆ. ಅಪ್ಪನಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಬಗ್ಗಿ, ಅದರ ಮೇಲೆ ಬೆರಳಿಟ್ಟರು ಎಂದು ಅಮ್ಮ ಹೇಳುತ್ತಾಳೆ.

"ಚಿತ್ರ ಅಲ್ಲ ಸಂಬಂಧಿ," ಎಂದರಂತೆ. "ಅದು ನನ್ ಮಗ್ಳು."